ಊರು ಅಲ್ಲೇ, ಜಿಲ್ಲೆ ಮಾತ್ರ ಬೇರೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ಅದರ ಕೀಲಿ ಇವತ್ತಿಗೂ ಅಜ್ಜನ ಉಡಿದಾರದಲ್ಲೇ ಇರುತ್ತದೆ. ಮನೆಯಲ್ಲಿ ಯಾರಿಗೆ ಯಾವ ಅರ್ಜಿ ಹಾಕಬೇಕಾದರೂ ಮೊದಲು ಆ ಟ್ರಂಕ್ ಕೆಳಗಿಳಿಯಬೇಕು. ನಾನು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ದಾಖಲೆ ಹೊಂದಿಸುತ್ತಿದ್ದ 2022ರಲ್ಲಿ ಅದನ್ನು ಪೂರ್ತಿ ಖಾಲಿ ಮಾಡಿ ನೆಲದ ಮೇಲೆ ಹರವಿಕೊಂಡು ಕುಳಿತಿದ್ದೆ. ಆಗ ಕಂಡ ಸಂಗತಿ ಇದು.

ಮುತ್ತಜ್ಜನ ಕಾಲದ ಜಮೀನು ಕಾಗದದಲ್ಲಿ ಮದರಾಸು. ಅಪ್ಪನ ಶಾಲೆಯ ಟಿ.ಸಿ.ಯಲ್ಲಿ ಬಳ್ಳಾರಿ ಜಿಲ್ಲೆ. ದೊಡ್ಡಪ್ಪನ ಮಗನ ಜನನ ಪ್ರಮಾಣಪತ್ರದಲ್ಲಿ ದಾವಣಗೆರೆ ಜಿಲ್ಲೆ. ನನ್ನದರಲ್ಲೂ ದಾವಣಗೆರೆ. ಆದರೆ ನನ್ನ ಹತ್ತನೇ ತರಗತಿಯ ಟಿ.ಸಿ.ಯಲ್ಲಿ ಮತ್ತೆ ಬಳ್ಳಾರಿ, ಪಿಯುಸಿ ಟಿ.ಸಿ.ಯಲ್ಲಿ ವಿಜಯನಗರ! ಹದಿನೆಂಟು ವರ್ಷಕ್ಕೆ ನಾನು ಮೂರು ಜಿಲ್ಲೆಯವನಾಗಿದ್ದೆ. ಹಾಗಂತ ನಾವು ಮನೆ ಬದಲಿಸಿದವರಲ್ಲ. ಹರಪನಹಳ್ಳಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಹಳ್ಳಿ, ಅದರ ಮುಂದಿನ ಬೇವಿನ ಮರ, ಹಿಂದಿನ ಮೆಕ್ಕೆಜೋಳದ ಹೊಲ ಯಾವುದೂ ಒಂದು ಗೇಣು ಅಲುಗಿಲ್ಲ.

ಅಜ್ಜ ನನ್ನ ಮುಖ ನೋಡಿ ನಕ್ಕರು. “ಊರು ಅಲ್ಲೇ ಐತಪ್ಪ, ಜಿಲ್ಲೆ ಮಾತ್ರ ತಿರಗ್ತೈತಿ” ಎಂದರು.

ಆ ಮಾತು ಕೇಳಿ ನಾನೂ ನಕ್ಕಿದ್ದೆ. ಆದರೆ ಹೀಗೆ ತಿರುಗುವ ಜಿಲ್ಲೆಯೇ ನಮ್ಮ ಮನೆಯ ಇಬ್ಬರು ಹುಡುಗರ ದಾರಿಯನ್ನು ಬೇರೆ ಮಾಡಿದೆ ಎಂದು ಅರಿವಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಒಂದೇ ಮನೆ, ಎರಡು ದಾರಿ

ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, 2015ರಲ್ಲಿ ಸಿಇಟಿ ಬರೆದ. ನಾನು ಬರೆದದ್ದು 2022ರಲ್ಲಿ. ಇಬ್ಬರೂ ಓದಿದ್ದು ಒಂದೇ ಸರ್ಕಾರಿ ಪ್ರೌಢಶಾಲೆಯಲ್ಲಿ. ಇಬ್ಬರ ರ‍್ಯಾಂಕ್‌ಗಳೂ ಹೆಚ್ಚು ಕಡಿಮೆ ಅಕ್ಕಪಕ್ಕದವೇ. ಅಣ್ಣನಿಗೆ ಸಿಕ್ಕಿದ್ದು ನಮ್ಮ ಮನೆಯಿಂದ ಶುಲ್ಕ ಕಟ್ಟಲಾಗದ ಕಾಲೇಜಿನ ಸೀಟು. ಅದನ್ನು ಬಿಟ್ಟು ದಾವಣಗೆರೆಯಲ್ಲಿ ಬಿ.ಎಸ್ಸಿ. ಸೇರಿದ. ನನಗೆ ಬೆಂಗಳೂರಿನಲ್ಲಿ ಕಡಿಮೆ ಶುಲ್ಕದ ಬಿ.ಇ. ಸೀಟು ಸಿಕ್ಕಿತು. ನಡುವಿನ ವ್ಯತ್ಯಾಸ ಒಂದೇ ಒಂದು ಕಾಗದ. ನನ್ನ ಹತ್ತಿರ 371(ಜೆ) ಅರ್ಹತಾ ಪ್ರಮಾಣಪತ್ರ ಇತ್ತು, ಅವನಿಗೆ ಅದು ಸಿಗುವಂತಿರಲಿಲ್ಲ.

ಸೀಟು ಸಿಕ್ಕ ದಿನ ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ, “ತಮ್ಮಾ, ಒಳ್ಳೇದಾಯ್ತು. ಆದ್ರ ಇದು ನಿನ್ನ ರ‍್ಯಾಂಕ್ ಅಲ್ಲಲೇ, ನಿನ್ನ ಜಿಲ್ಲೆ” ಎಂದ. ತಮಾಷೆಗೇ ಅಂದದ್ದು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವನ ಮಾತು ಎಷ್ಟು ನಿಜ ಎಂದು ತಿಳಿಯಲೆಂದೇ ಈ ಗೆರೆಗಳ ಕಥೆ ಹುಡುಕಲು ಶುರು ಮಾಡಿದೆ.

ಗೆರೆಗಳ ಕಥೆ

ಹೊರಗಿನವರಿಗೆ ಬಳ್ಳಾರಿ ರಾಜಕೀಯ ಎಂದರೆ ನೆನಪಾಗುವುದು 1999ರ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರು ನಿಂತು ಇಡೀ ದೇಶ ಇತ್ತ ನೋಡಿತು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ನಾನು ಹುಟ್ಟುವ ಮೊದಲಿನ ಈ ಕಥೆಯನ್ನು ಹಾಸ್ಟೆಲ್‌ನಲ್ಲಿ ಎಷ್ಟು ಸಲ ಕೇಳಿದ್ದೇನೋ. ಆದರೆ ನಮ್ಮ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಹುಡುಗ ಹುಡುಗಿಯರ ಬದುಕನ್ನು ಹೆಚ್ಚು ಬದಲಿಸಿದ್ದು ಆ ದೊಡ್ಡ ಹೆಸರುಗಳಲ್ಲ, ಸದ್ದಿಲ್ಲದೆ ಬಂದ ಕೆಲವು ಅಧಿಸೂಚನೆಗಳು.

ಮೊದಲ ಗೆರೆ ಹಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ಒಂದೂವರೆ ಶತಮಾನ ನಾವು ಮದರಾಸಿನವರು. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮತ್ತು ಬಳ್ಳಾರಿ ತಾಲ್ಲೂಕಿನ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮುತ್ತಜ್ಜನ ಕಾಗದದ ಮದರಾಸು ಅಲ್ಲಿಗೆ ಮುಗಿಯಿತು.

ಎರಡನೆಯ ಗೆರೆ 1997ರ ಆಗಸ್ಟ್ 15ರದು. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ರಚನೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ನಮ್ಮ ಹರಪನಹಳ್ಳಿ ಅದಕ್ಕೆ ಸೇರಿದವು. ನಮ್ಮ ಜನರಿಗೆ ಇದು ಬೇಡದ್ದೇನೂ ಆಗಿರಲಿಲ್ಲ. ಬಳ್ಳಾರಿಗೆ ಹೋಗಿ ಬರುವುದೆಂದರೆ ಒಂದಿಡೀ ದಿನದ ಕೆಲಸ. ದಾವಣಗೆರೆ ಐವತ್ತು ಕಿಲೊಮೀಟರ್ ಆಸುಪಾಸು. ಆಸ್ಪತ್ರೆ, ಮಾರುಕಟ್ಟೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲದಕ್ಕೂ ನಾವು ಮೊದಲಿನಿಂದ ಹೋಗುತ್ತಿದ್ದುದು ಅಲ್ಲಿಗೇ. ಅದೇ ವರ್ಷದ ಕೊನೆಯಲ್ಲಿ ಅಣ್ಣ ಹುಟ್ಟಿದ. ಟ್ರಂಕ್‌ನಲ್ಲಿ ‘ದಾವಣಗೆರೆ ಜಿಲ್ಲೆ’ ಎಂದಿರುವ ಮೊದಲ ಕಾಗದ ಅವನ ಜನನ ಪ್ರಮಾಣಪತ್ರ.

ಹದಿನೈದು ವರ್ಷ ಆ ಗೆರೆಯಿಂದ ಯಾರಿಗೂ ನೋವಾಗಲಿಲ್ಲ. ನೋವಾದದ್ದು ಮೂರನೆಯ ಗೆರೆ ಬಂದಾಗ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದ್ದರು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 371(ಜೆ) ವಿಧಿ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಲೆಕ್ಕ ಹಾಕಿದರೆ, ಬಳ್ಳಾರಿ ಮೈಸೂರಿಗೆ ಸೇರಿ ಅಂದಿಗೆ ಸರಿಯಾಗಿ ಅರವತ್ತು ವರ್ಷ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಗಳು ಒಳಗೆ. ದಾವಣಗೆರೆ ಹೊರಗೆ. ಹರಪನಹಳ್ಳಿ ದಾವಣಗೆರೆಯಲ್ಲಿತ್ತು, ಹಾಗಾಗಿ ನಾವೂ ಹೊರಗೆ. ಪಕ್ಕದ ಹಡಗಲಿಯ ಹುಡುಗನಿಗೆ, ಕೊಟ್ಟೂರಿನ ಹುಡುಗಿಗೆ ಸಿಕ್ಕಿದ್ದು ನಮ್ಮ ಅಣ್ಣನಿಗೆ ಸಿಗಲಿಲ್ಲ. ಮಳೆ ಬಾರದಿದ್ದರೆ ಮೂರೂ ಕಡೆಯವರು ಒಂದೇ ಲಾರಿ ಹತ್ತಿ ಗುಳೆ ಹೋಗುತ್ತಾರೆ. ಕಬ್ಬು ಕಡಿಯುವಲ್ಲಿ, ಕಾಫಿ ತೋಟದಲ್ಲಿ ಯಾರೂ ಯಾವ ಜಿಲ್ಲೆ ಎಂದು ಕೇಳುವುದಿಲ್ಲ.

ದಪ್ಪ ಪೆನ್ಸಿಲ್, ಸಣ್ಣ ಪೆನ್ಸಿಲ್

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡಿತು. ಹರಪನಹಳ್ಳಿ ಹಿಂದುಳಿದಿದೆ ಎಂದು ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತ್ತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಹೇಳಿತು. ಆ 39ರ ಪಟ್ಟಿಯಲ್ಲಿ ಕೂಡ್ಲಿಗಿಯೂ ಇತ್ತು, ಹರಪನಹಳ್ಳಿಯೂ ಇತ್ತು. ಹನ್ನೊಂದು ವರ್ಷದ ನಂತರ ಕೂಡ್ಲಿಗಿಗೆ 371(ಜೆ) ಸಿಕ್ಕಿತು, ಹರಪನಹಳ್ಳಿಗೆ ಸಿಗಲಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಇದು ರೆಸಲ್ಯೂಷನ್ ಸಮಸ್ಯೆಯಾಗಿ ಕಾಣುತ್ತದೆ. ಕಡಿಮೆ ಪಿಕ್ಸೆಲ್ ಇರುವ ಫೋಟೊದಲ್ಲಿ ಒಂದೊಂದು ಚೌಕಕ್ಕೆ ಒಂದೇ ಬಣ್ಣ. ಆ ಚೌಕದೊಳಗೆ ಏನೇನಿದೆಯೋ ಕಾಣುವುದಿಲ್ಲ. ನಂಜುಂಡಪ್ಪ ಸಮಿತಿ ತಾಲ್ಲೂಕು ಎಂಬ ಸಣ್ಣ ಪೆನ್ಸಿಲ್ ಹಿಡಿದು ನಕ್ಷೆ ಬರೆಯಿತು. 371(ಜೆ) ಜಿಲ್ಲೆ ಎಂಬ ದಪ್ಪ ಪೆನ್ಸಿಲ್ ಹಿಡಿಯಿತು. ದಪ್ಪ ಪೆನ್ಸಿಲ್‌ನ ಗೆರೆಯಡಿ ಸಿಕ್ಕವರು ನಾವು.

ಇದನ್ನು ಸರಿಪಡಿಸಲು ನಮ್ಮ ಜನ ಆರಿಸಿಕೊಂಡ ದಾರಿ ಎಂದರೆ ಗೆರೆಯನ್ನೇ ಸರಿಸುವುದು. ಬಂದ್, ಧರಣಿ, ಮನವಿ ಎಲ್ಲ ನಡೆದವು. ಹಡಗಲಿಯ ಹಿರಿಯ ರಾಜಕಾರಣಿ, ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶ್ ಅವರ ಮಗ ಎಂ.ಪಿ. ರವೀಂದ್ರ 2013ರಿಂದ 2018ರವರೆಗೆ ನಮ್ಮ ಶಾಸಕರಾಗಿದ್ದರು. ಈ ಬೇಡಿಕೆಗೆ ಅವರೂ ಬೆನ್ನು ಹತ್ತಿದರು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿ ಜಿಲ್ಲೆಗೆ ಸೇರಿತು, 371(ಜೆ) ಸೌಲಭ್ಯ ದೊರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ರವೀಂದ್ರ ತೀರಿಕೊಂಡರು.

ಬೆಲೆ ಕೊಡದೆ ಬಂದದ್ದಲ್ಲ ಇದು. ಹತ್ತಿರದ ಜಿಲ್ಲಾ ಕೇಂದ್ರ ಬಿಟ್ಟು ದೂರದ ಜಿಲ್ಲಾ ಕೇಂದ್ರವನ್ನು ನಾವೇ ಕೇಳಿ ಪಡೆದೆವು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಹಿಗಾಗಿ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಹೊರಟು ರಾತ್ರಿ ಕೊನೆಯ ಬಸ್ಸಿಗೆ ಬರುತ್ತಿದ್ದರು. “ಹುಡುಗ್ರ ಸಲುವಾಗಿ ಇಷ್ಟು ಮಾಡದಿದ್ರ ಹೆಂಗ?” ಎನ್ನುತ್ತಿದ್ದರು. ಮೂರೇ ವರ್ಷಕ್ಕೆ ಮತ್ತೊಂದು ಗೆರೆ. 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಬಿತ್ತು, ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಉದ್ಘಾಟನೆಯಾಯಿತು. ಹೊಸಪೇಟೆಯ ಜೊತೆ ನಮ್ಮ ಐದೂ ತಾಲ್ಲೂಕುಗಳು ರಾಜ್ಯದ 31ನೇ ಜಿಲ್ಲೆಯಾದವು. ಬಳ್ಳಾರಿಯಿಂದ ಒಡೆದು ಬಂದ ಜಿಲ್ಲೆಯಾದ್ದರಿಂದ 371(ಜೆ) ಉಳಿಯಿತು.

ಇಷ್ಟಾದರೂ ಗೆರೆಗಳ ಗೋಜಲು ಮುಗಿದಿಲ್ಲ. ಹರಪನಹಳ್ಳಿಯವರು ಜಿಲ್ಲಾಧಿಕಾರಿಯನ್ನು ಕಾಣಲು ಹೊಸಪೇಟೆಗೆ ಹೋಗಬೇಕು, ಸಂಸದರಿಗೆ ಮತ ಹಾಕುವುದು ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ. ಉಳಿದ ನಾಲ್ಕು ತಾಲ್ಲೂಕುಗಳು ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿವೆ. ಕೊಟ್ಟೂರಿನದು ಇನ್ನೊಂದು ಕಥೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕೊಟ್ಟೂರು ವಿಧಾನಸಭಾ ಕ್ಷೇತ್ರ ಅಳಿಸಿಹೋಗಿ ಹಗರಿಬೊಮ್ಮನಹಳ್ಳಿ ಕ್ಷೇತ್ರ ಹುಟ್ಟಿತು. ಆದರೆ 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕೊಟ್ಟೂರೂ ಒಂದು. ಕ್ಷೇತ್ರ ಹೋಗಿ ತಾಲ್ಲೂಕು ಬಂತು!

ಟೆಕ್ಸಾಸ್‌ನಲ್ಲೂ ಒಂದು 1997

ಕಳೆದ ಸೆಮಿಸ್ಟರ್‌ನಲ್ಲಿ ಕಾಲೇಜಿನ ಚರ್ಚಾ ಸ್ಪರ್ಧೆಗೆ ತಯಾರಾಗುತ್ತ ಅಮೆರಿಕದ ಮೀಸಲಾತಿ ಇತಿಹಾಸ ಓದಿದೆ. ಅಲ್ಲಿನ ಸುಪ್ರೀಂ ಕೋರ್ಟ್ 1978ರ ಬಾಕಿ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವಾರು ಇಂತಿಷ್ಟು ಸೀಟು ಎಂದು ಮೀಸಲಿಡುವಂತಿಲ್ಲ, ಆದರೆ ಜನಾಂಗವನ್ನು ಒಂದು ಅಂಶವಾಗಿ ಪರಿಗಣಿಸಬಹುದು ಎಂದಿತ್ತು. 1996ರಲ್ಲಿ ಹಾಪ್‌ವುಡ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ಟೆಕ್ಸಾಸ್ ರಾಜ್ಯದಲ್ಲಿ ಅದಕ್ಕೂ ತಡೆ ಹಾಕಿತು.

ಆಗ ಟೆಕ್ಸಾಸ್ ಶಾಸಕರು ಒಂದು ಉಪಾಯ ಹುಡುಕಿದರು. ದಾವಣಗೆರೆ ಜಿಲ್ಲೆ ಹುಟ್ಟಿದ ಅದೇ 1997ರಲ್ಲಿ ಹೊಸ ಕಾನೂನು ತಂದರು. ರಾಜ್ಯದ ಪ್ರತಿ ಹೈಸ್ಕೂಲಿನಲ್ಲೂ ಮೊದಲ ಶೇ 10ರೊಳಗೆ ಬಂದ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಅಂದು ಗವರ್ನರ್ ಆಗಿದ್ದ, ಮುಂದೆ ಅಧ್ಯಕ್ಷರಾದ ಜಾರ್ಜ್ ಡಬ್ಲ್ಯು. ಬುಷ್ ಅದಕ್ಕೆ ಸಹಿ ಹಾಕಿದರು. ದೊಡ್ಡ ನಗರಗಳ ಕಪ್ಪು ಮತ್ತು ಹಿಸ್ಪಾನಿಕ್ ಸಮುದಾಯಗಳ ಶಾಸಕರು, ದೂರದ ಹಳ್ಳಿಗಾಡಿನ ಬಿಳಿಯ ಶಾಸಕರು ಇಬ್ಬರೂ ಕೂಡಿ ಅದನ್ನು ಬೆಂಬಲಿಸಿದ್ದು ನನಗೆ ಬಹಳ ಹಿಡಿಸಿತು. ತಮ್ಮ ಕಡೆಯ ಶಾಲೆಗಳ ಮಕ್ಕಳು ದೊಡ್ಡ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿಲ್ಲ ಎಂಬ ನೋವು ಇಬ್ಬರದೂ ಆಗಿತ್ತು.

ಆ ಗೆರೆಗೂ ತನ್ನದೇ ತೊಡಕುಗಳಿದ್ದವು. ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಸೀಟುಗಳೆಲ್ಲ ಈ ದಾರಿಯಲ್ಲೇ ತುಂಬತೊಡಗಿದಾಗ 2009ರಲ್ಲಿ ಅದಕ್ಕೆ ಮಿತಿ ಹಾಕಬೇಕಾಯಿತು. ಒಳ್ಳೆಯ ಶಾಲೆಯಲ್ಲಿ ಹನ್ನೊಂದನೇ ಸ್ಥಾನದಲ್ಲಿದ್ದವರು ನಮಗೇಕೆ ಇಲ್ಲ ಎಂದು ಕೇಳಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗದ ಪರಿಗಣನೆಯನ್ನೇ ಹೆಚ್ಚುಕಡಿಮೆ ಇಡೀ ದೇಶಕ್ಕೆ ನಿಲ್ಲಿಸಿದ ಮೇಲೆ ಟೆಕ್ಸಾಸ್ ಮಾದರಿಯ ಬಗ್ಗೆ ಅಲ್ಲಿ ಮತ್ತೆ ಚರ್ಚೆ ನಡೆದಿದೆ.

ನಮಗೂ ಅವರಿಗೂ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಜಾತಿ ಆಧಾರಿತ ಮೀಸಲಾತಿ ನಮ್ಮಲ್ಲಿ ಸಂವಿಧಾನದ ಬೆಂಬಲ ಪಡೆದಿದೆ, 371(ಜೆ) ಅದರ ಬದಲಿಗೆ ಬಂದದ್ದಲ್ಲ, ಅದರ ಜೊತೆಗೇ ನಡೆಯುವಂಥದ್ದು. ಆದರೆ ಒಂದು ಪಾಠ ಕಲಿಯಬಹುದು. ಟೆಕ್ಸಾಸ್‌ನವರು ಶಾಲೆಯನ್ನೇ ಅಳತೆಯಾಗಿ ಹಿಡಿದರು. ಶಾಲೆ ಯಾವ ಕೌಂಟಿಯಲ್ಲಿದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಅವರ ಪೆನ್ಸಿಲ್ ನಮ್ಮದಕ್ಕಿಂತ ಬಹಳ ಸಣ್ಣದು.

ಗೆರೆಯ ಆಚೆಗಿನ ಗೆಳೆಯ

ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಕೊಠಡಿಯವನು ಜಗಳೂರು ತಾಲ್ಲೂಕಿನವನು. ನಮ್ಮ ತಾಲ್ಲೂಕಿಗೆ ಹೊಂದಿಕೊಂಡ ಊರು, ಅದೇ ಕೆಂಪು ಮಣ್ಣು, ಅದೇ ಬತ್ತಿದ ಬೋರ್‌ವೆಲ್. ಅವನಿಗೆ 371(ಜೆ) ಇಲ್ಲ, ಹೆಚ್ಚು ಶುಲ್ಕದ ಸೀಟಿನಲ್ಲಿ ಸಾಲ ಮಾಡಿ ಓದುತ್ತಿದ್ದಾನೆ. 2015ರಲ್ಲಿ ನಮ್ಮ ಅಣ್ಣ ಎಲ್ಲಿ ನಿಂತಿದ್ದನೋ ಇವತ್ತು ಅವನು ಅಲ್ಲಿ ನಿಂತಿದ್ದಾನೆ. ನಂಜುಂಡಪ್ಪ ವರದಿಯ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿದ್ದ ಪಾವಗಡ, ಶಿರಾ, ಚನ್ನಗಿರಿ, ಹೊಸದುರ್ಗದ ಮಕ್ಕಳೂ ಗೆರೆಯ ಆಚೆಗೇ ಇದ್ದಾರೆ. ನಾವು ಒಳಗೆ ಬಂದೆವೆಂದು ಗೆರೆ ನ್ಯಾಯವಾಗಿಬಿಟ್ಟಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು 371(ಜೆ) ಬೇಡ ಎನ್ನುವವನೂ ನಾನಲ್ಲ. ಅದಿಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಒಂದು ಪ್ರದೇಶವನ್ನು ದಶಕಗಟ್ಟಲೆ ಹಿಂದೆ ಬಿಟ್ಟ ಮೇಲೆ ಅದಕ್ಕೆ ಕೈ ಕೊಟ್ಟು ಎತ್ತುವುದು ಭಿಕ್ಷೆ ಅಲ್ಲ. ನನ್ನ ಮಾತು ಇಷ್ಟೆ: ಅಳತೆ ತಾಲ್ಲೂಕು ಮಟ್ಟದಲ್ಲಿ, ಸಾಧ್ಯವಾದರೆ ಶಾಲೆಯ ಮಟ್ಟದಲ್ಲಿ ನಡೆಯಲಿ. ಪ್ರತಿ ಸಲವೂ ಒಂದು ತಾಲ್ಲೂಕು ನ್ಯಾಯ ಪಡೆಯಲು ಜಿಲ್ಲೆಯನ್ನೇ ಬದಲಿಸಬೇಕಾದ ಸ್ಥಿತಿ ಬಾರದಿರಲಿ.

ಉದ್ಯೋಗ ಹುಡುಕುತ್ತಿರುವ ನಮ್ಮ ಭಾಗದ ಗೆಳೆಯರಿಗೆ ಒಂದು ಮಾತು. ಈ ಸೌಲಭ್ಯ ಸೀಟಿಗಷ್ಟೇ ಅಲ್ಲ. ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಎ’ ಕಿರಿಯ ಶ್ರೇಣಿ ಮತ್ತು ‘ಬಿ’ ಹುದ್ದೆಗಳಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85ರಷ್ಟು ಸ್ಥಳೀಯರಿಗೆ ಮೀಸಲು. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ 8. ಶಿಕ್ಷಣದಲ್ಲಿ ನಮ್ಮ ಭಾಗದ ಸಂಸ್ಥೆಗಳ ಶೇ 70 ಸೀಟು, ಹೊರಗಿನ ಸಂಸ್ಥೆಗಳಲ್ಲಿ ಶೇ 8. ಆದರೆ ಅರ್ಹತಾ ಪ್ರಮಾಣಪತ್ರ ತಾನಾಗಿ ಬರುವುದಿಲ್ಲ. ಅರ್ಜಿ ಹಾಕಿ, ವಾಸದ ದಾಖಲೆ ಒದಗಿಸಿ, ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಹರಪನಹಳ್ಳಿಯವರ ಹಳೆಯ ದಾಖಲೆಗಳಲ್ಲಿ ‘ದಾವಣಗೆರೆ’ ಎಂದಿರುತ್ತದೆ, ಅದನ್ನು ವಿವರಿಸಲು ಎರಡು ಮೂರು ಸಲ ಓಡಾಡಬೇಕಾಗಬಹುದು. ಅಧಿಸೂಚನೆ ಹೊರಬಿದ್ದ ಮೇಲೆ ಅಲ್ಲ, ಈಗಲೇ ಮಾಡಿಸಿಟ್ಟುಕೊಳ್ಳಿ. ನನ್ನ ಪರಿಚಯದ ಹುಡುಗಿಯೊಬ್ಬಳು ಅರ್ಜಿಯ ಕೊನೆಯ ದಿನ ಕಳೆದ ಮರುದಿನ ಪ್ರಮಾಣಪತ್ರ ಪಡೆದಳು.

ಇನ್ನೊಂದು ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಗೆರೆ ಬಾಗಿಲು ತೆರೆಯುತ್ತದೆ, ಒಳಗೆ ನಡೆಯುವುದು ನಮ್ಮ ಕೆಲಸ. ಮೊದಲ ಸೆಮಿಸ್ಟರ್‌ನಲ್ಲಿ ಗಣಿತದಲ್ಲಿ ನಾನು ಫೇಲಾದೆ. ಕನ್ನಡ ಮಾಧ್ಯಮದಿಂದ ಬಂದವನಿಗೆ ಮೇಷ್ಟ್ರು ಹೇಳುವುದು ಅರ್ಥವಾಗಲೇ ಎರಡು ತಿಂಗಳು ಹಿಡಿದವು. ಆಗ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟವನು ಆ ಜಗಳೂರಿನ ಗೆಳೆಯ. ಗೆರೆಯ ಆಚೆಯವನು ಈಚೆಯವನಿಗೆ ಪಾಠ ಹೇಳಿದ. ಆ ಋಣ ಯಾವ ಕೋಟಾದಲ್ಲೂ ಬರುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನೂ ಬಂದಿದ್ದ. ಬೆಂಗಳೂರಿನ ಖಾಸಗಿ ಕಂಪನಿಯ ಕೆಲಸದ ಜೊತೆ ರಾತ್ರಿ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಸೀಟಿನ ಕಾಲದಲ್ಲಿ ಸಿಗದ ಪ್ರಮಾಣಪತ್ರ ಈಗ ಅವನಿಗೂ ಸಿಕ್ಕಿದೆ. ವಯೋಮಿತಿ ಮೀರಲು ಇನ್ನೂ ಕೆಲವು ವರ್ಷ ಇದೆ. “ನಿನ್ನ ಮ್ಯಾಲೆ ಸಿಟ್ಟಿಲ್ಲೋ ತಮ್ಮಾ. ಗೆರಿ ಮ್ಯಾಲೆ ಇತ್ತು. ಈಗ ಅದರ ಮ್ಯಾಲೂ ಇಲ್ಲ, ಓದೋಕೆ ಟೈಮ್ ಸಾಲ್ತಿಲ್ಲ” ಎಂದು ನಕ್ಕ.

ಅಜ್ಜ ಉಡಿದಾರದ ಕೀಲಿ ಬಿಚ್ಚಿ ಕೊಟ್ಟರು. ಅಣ್ಣ ಪ್ರಮಾಣಪತ್ರದ ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನನ್ನದರ ಪಕ್ಕದಲ್ಲಿ ಟ್ರಂಕ್‌ನೊಳಗೆ ಇಟ್ಟ. ಮದರಾಸು, ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಎಲ್ಲವೂ ಒಂದೇ ಟ್ರಂಕ್‌ನಲ್ಲಿ, ಒಂದೇ ಅಟ್ಟದ ಮೇಲೆ ಕುಳಿತಿವೆ.